ಅಂಟಿಕೊಂಡ ಎರಡು ಪುಟ

ಓದುವಕ್ಕನಿಗೆ ಕೂತಲ್ಲಿ ಕೂರುವ ಜಾಯಮಾನವೇ ಅಲ್ಲ. ಅಂಥವಳಿಗೆ ಸಿಕ್ಕ ಕೆಲಸವೋ, ದಿನಕ್ಕೆ ಐದು ಗಂಟೆ ಮಿಸುಕಾಡದೆ ಕೂತು ಓದುವುದು. ಕಾಲೇಜಿನ ಮೆಟ್ಟಿಲ ಕೆಳಗಿನ ಪುಟ್ಟ ಕೋಣೆಯಲ್ಲಿ, ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡಬೇಕು. ಕುರ್ಚಿ ಕಿರುಗುಟ್ಟಿದರೂ ಮೈಕು ಹಿಡಿದುಬಿಡುತ್ತದೆ. ಬಳೆ ಬಿಚ್ಚಿಟ್ಟು, ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದಳು. ಮೊದಲು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಗಂಟಲು ಮೂರು ಕೋಣೆ ದಾಟಿ ಕೇಳುತ್ತದೆಂದು ಇಲ್ಲಿಗೆ ಹಾಕಿದರು. ಸದ್ಯ ಪೀಡೆ ತೊಲಗಿತು ಎಂದು ಆಫೀಸಿನವರು ಅಂದುಕೊಂಡದ್ದೂ ಸುಳ್ಳಲ್ಲ.

ಬಂದವಳು ಕೆಲಸವನ್ನು ತಲೆಗೆ ಹಚ್ಚಿಕೊಂಡುಬಿಟ್ಟಳು. ನಾಳೆ ಓದುವ ಪಾಠವನ್ನು ಇವತ್ತೇ ಮನೆಗೊಯ್ದು, ಕಷ್ಟದ ಪದಗಳಿಗೆ ಪೆನ್ಸಿಲ್ ಗೀಟು ಹಾಕುತ್ತ ಒಂದು ಸಲ ಓದಿ ನೋಡುವಳು. ಗಂಟಲಿಗೆಂದು ನಡುನಡುವೆ ಬೆರಳದ್ದಿ ಜೇನುತುಪ್ಪ ನೆಕ್ಕುವಳು.

"ಊರಿಗೆಲ್ಲ ಓದಿ ಹೇಳ್ತೀಯ, ನನ್ನತ್ರ ಮಾತಾಡೋಕೆ ಮಾತ್ರ ಗಂಟಲು ನೋವು" ಎಂದು ದರ್ಜಿ ಗಂಡ ಛೇಡಿಸುತ್ತಿದ್ದ.

"ನೀವೂ ಪರೀಕ್ಷೆಗೆ ಕಟ್ಟಿ, ನಿಮಗೂ ಓದ್ತೀನಿ."

ಸಮಾಜಶಾಸ್ತ್ರದ ಪರೀಕ್ಷೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ, ಓದಿ ಮುಗಿಸಿದ್ದ ಪುಸ್ತಕವನ್ನು ಲೈಬ್ರರಿಗೆ ಹಿಂದಿರುಗಿಸಲು ಹೋದಳು. ಗುಮಾಸ್ತ ಹಾಳೆ ತಿರುವುತ್ತ ಮೂಗು ಮುರಿದ. "ಏನಮ್ಮ, ತಿಂಡಿ ತಿಂತಾ ಓದ್ತೀರಾ? ಪುಟಕ್ಕೆ ಪುಟ ಅಂಟ್ಕೊಂಡಿದೆ" ಎಂದು ಸ್ಕೇಲು ತೂರಿಸಿ ಬಿಡಿಸಿದ.

ನೂರಹನ್ನೆರಡು, ನೂರಹದಿಮೂರು. ಎರಡರ ಮೇಲೂ ಅವಳದೇ ಪೆನ್ಸಿಲ್ ಗೀಟು. ಮನೆಯಲ್ಲಿ ಓದಿದ್ದಳು, ಸರಿ. ಜೇನಿನ ಬೆರಳಲ್ಲೇ ಹಾಳೆ ಮಗುಚಿದ್ದಳು. ಬೆಳಗಾಗುವಷ್ಟರಲ್ಲಿ ಅವು ಕಚ್ಚಿಕೊಂಡು, ರೆಕಾರ್ಡ್ ಮಾಡುವಾಗ ನೂರಹನ್ನೊಂದರಿಂದ ಸೀದಾ ನೂರಹದಿನಾಲ್ಕಕ್ಕೆ ಹಾರಿದ್ದಳು. ಬಿಟ್ಟುಹೋದದ್ದಾದರೂ ಯಾವುದು? ನಗರಗಳು ಬೆಳೆಯಲು ಕಾರಣಗಳು. ವರ್ಷ ವರ್ಷವೂ ಕೇಳುವ ಪ್ರಶ್ನೆ.

ಆ ರೆಕಾರ್ಡನ್ನೇ ನಂಬಿದ್ದವಳು ಎರಡನೇ ವರ್ಷದ ಒಬ್ಬ ಹುಡುಗಿ. ಹೋದ ಸಲ ಇದೇ ವಿಷಯದಲ್ಲಿ ನಾಲ್ಕು ಅಂಕಕ್ಕೆ ನಪಾಸಾಗಿದ್ದಳು. ಈ ಸಲವೂ ಹೋದರೆ ಹಾಸ್ಟೆಲಿನ ಕೋಣೆ ಬಿಡಬೇಕು. ಮನೆ ಎರಡು ಬಸ್ಸಿನ ದೂರ, ದಿನಾ ಕೈಹಿಡಿದು ಕರೆತರುವವರಿಲ್ಲ. ಅಂದರೆ ಓದಿಗೇ ಕೊಕ್ಕೆ.

ಪರೀಕ್ಷೆ ಹತ್ತಕ್ಕೆ. ಗುಮಾಸ್ತನ ಕೈಯಿಂದ ಪುಸ್ತಕ ಕಿತ್ತುಕೊಂಡು ಓಡಿದಳು. ಹುಡುಗಿಯ ಫೋನು ಸ್ವಿಚ್ ಆಫ್. ಹಾಸ್ಟೆಲಿನಲ್ಲಿ ಆಗಲೇ ಹೊರಟಾಯಿತೆಂದರು. ಕ್ಯಾಂಟೀನಿನಲ್ಲಿಲ್ಲ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿಲ್ಲ. ಚಪ್ಪಲಿಯ ಪಟ್ಟಿ ಕಿತ್ತುಬಂತು, ಅಲ್ಲೇ ಬಿಟ್ಟಳು. ಹಾಳಾದ್ದು ಆ ಜೇನು, ಹಾಳಾದ್ದು ನನ್ನ ಚಪಲ ಎಂದು ತನ್ನನ್ನೇ ಬೈದುಕೊಳ್ಳುತ್ತ ಕಟ್ಟಡ ಸುತ್ತಿದಾಗ, ಇಳಿಜಾರು ದಾರಿಯ ಪಕ್ಕದ ಬೆಂಚಿನಲ್ಲಿ ಹುಡುಗಿ ಕೂತಿದ್ದಳು. ಜೊತೆಗೆ, ಅವಳು ಹೇಳುವ ಉತ್ತರಗಳನ್ನು ಬರೆಯಲು ಬಂದಿದ್ದ ಸಹಾಯಕಿ. ಗಂಟೆ ಒಂಬತ್ತೂ ಮುಕ್ಕಾಲು.

"ಎರಡು ಪುಟ ಬಿಟ್ಟುಹೋಗಿದೆ ಕಣೇ. ಮಾತಾಡ್ಬೇಡ, ಕೇಳಿಸ್ಕೊ" ಎಂದು ಏದುಸಿರಿನಲ್ಲೇ ಶುರುಮಾಡಿದಳು. ಹುಡುಗಿ ತಲೆ ತಗ್ಗಿಸಿ, ಒಂದೊಂದು ಕಾರಣಕ್ಕೂ ಒಂದೊಂದು ಬೆರಳು ಮಡಚುತ್ತ ಕೇಳಿದಳು. ಮೊದಲ ಗಂಟೆ ಹೊಡೆಯುವಷ್ಟರಲ್ಲಿ ಓದಿ ಮುಗಿಯಿತು.

"ಎರಡನೇ ಕಾರಣ, ಮೂರನೇ ಕಾರಣ ಇವೇನಾ ಅಕ್ಕ? ಬಿಟ್ಟಿದೆ ಅಂತ ಗೊತ್ತಿತ್ತು. ಮೊದಲನೇದಾದ್ಮೇಲೆ ಸೀದಾ ನಾಲ್ಕನೇದು ಬಂತು."

"ಗೊತ್ತಿತ್ತಾ? ದಿನಾ ಸಿಗ್ತೀಯಲ್ಲೇ, ಒಂದು ಮಾತು ಹೇಳೋಕೇನಾಗಿತ್ತು ನಿಂಗೆ?"

ಹುಡುಗಿ ಸಹಾಯಕಿಯ ತೋಳು ಹುಡುಕಿ ಹಿಡಿದು ಎದ್ದಳು. "ತಪ್ಪು ಎತ್ತಿ ತೋರಿಸಿ, ನೀವು ಬೇಜಾರಾಗಿ ಓದೋದು ಬಿಟ್ರೆ ನಮಗೆ ಇನ್ಯಾರಿದಾರೆ? ಅದಕ್ಕೇ ನಮ್ಮಲ್ಲಿ ಯಾರೂ ಹೇಳಲ್ಲ."

ಓದುವಕ್ಕ ಒಂದೇ ಚಪ್ಪಲಿಯಲ್ಲಿ ಅವರ ಹಿಂದೆ ನಾಲ್ಕು ಹೆಜ್ಜೆ ಹೋದಳು.

"ಬೇರೆ ಪುಸ್ತಕಗಳಲ್ಲೂ ಬಿಟ್ಟಿದೀನೇನೇ?" ಎಂದು ಅಷ್ಟು ದೊಡ್ಡ ಗಂಟಲನ್ನೂ ತಗ್ಗಿಸಿ ಕೇಳಿದಳು.

ಪರೀಕ್ಷೆಯ ಕೋಣೆಯ ಬಾಗಿಲಿನವರೆಗೆ ಹೋಗಿದ್ದ ಹುಡುಗಿ ನಿಂತು, ಇತ್ತ ತಿರುಗಿದಳು.

"ಬೇಜಾರು ಮಾಡ್ಕೊಳ್ಳಲ್ಲ ತಾನೇ?" ಎಂದಳು.