ಏಳೂವರೆ ಬಸ್ಸು ಎಂದಿನಂತೆ

ಬೆಳಗಿನ ಪತ್ರಿಕೆ ಕೈಗೆ ಬಂದರೆ ನಾನು ಮೊದಲು ನೋಡುವುದು ಮೂರನೆಯ ಪುಟದ ಕೆಳಗಿನ ಮೂಲೆಯನ್ನು. ರಸ್ತೆ ಅಗೆದಿರುವುದರಿಂದ ಇಂಥ ನಂಬರಿನ ಬಸ್ಸು ಸುತ್ತು ಹಾಕಿ ಹೋಗುತ್ತದೆ, ಇಂಥ ಬಡಾವಣೆಗೆ ಸಂಜೆ ಇನ್ನೊಂದು ಬಸ್ಸು ಬಿಟ್ಟಿದ್ದಾರೆ, ಪ್ರಯಾಣಿಕರು ಗಮನಿಸಬೇಕು. ಇಷ್ಟೇ ಇರುತ್ತದೆ. ಪ್ರಧಾನಮಂತ್ರಿಗಳು ಏನೆಂದರು ಎಂಬುದು ಕಾಫಿ ಮುಗಿದ ಮೇಲಿನ ವಿಚಾರ. ನಾನು ಸ್ಕೂಟರು ಕೊಂಡು ಆರು ವರ್ಷವಾಗಿದೆ. ಬಸ್ಸಿನ ಮೆಟ್ಟಿಲು ಹತ್ತುವುದು ವರ್ಷಕ್ಕೆ ಎರಡು ಸಲವೋ ಮೂರು ಸಲವೋ. "ಮದುವೆಯಾಗಿ ಮಕ್ಕಳಿರೋರು ವಧು-ವರ ಕಾಲಂ ಓದಿದ ಹಾಗಾಯ್ತು ನಿಮ್ದು" ಎಂದು ಹೆಂಡತಿ ನಗುತ್ತಾಳೆ. ನಾನೂ ನಗುತ್ತೇನೆ.

ಹೋದ ಶನಿವಾರ ಆ ಮೂಲೆಯಲ್ಲಿ ಚಿಕ್ಕಬಾಣಾವರದಿಂದ ಬೆಳಿಗ್ಗೆ ಹೊರಡುವ ಬಸ್ಸೊಂದರ ವೇಳೆ ಬದಲಾಗಿದೆ ಎಂದು ಬರೆದಿತ್ತು. ಎರಡೇ ಸಾಲು. ಓದಿ ಪತ್ರಿಕೆ ಮಡಚಿಟ್ಟೆ. ಆಮೇಲೆ ಕಾಫಿಯೂ ರುಚಿಸಲಿಲ್ಲ, ಪ್ರಧಾನಮಂತ್ರಿಗಳೂ ರುಚಿಸಲಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಆ ಊರಿನಲ್ಲಿ ಮೂರು ವರ್ಷ ಬಾಡಿಗೆಯ ಕೋಣೆಯಲ್ಲಿದ್ದೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬೋಲ್ಟುಗಳಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂದು ನೋಡುವ ಕೆಲಸಕ್ಕೆ ಸೇರಿದ್ದೆ. ನಮ್ಮ ಪ್ರೊಫೆಸರರು ಯಾವ ಮಾತಿಗೂ "ಯಾರು ಹೇಳಿದರು? ಅವರಿಗೆ ಯಾರು ಹೇಳಿದರು?" ಎಂದು ಕೇಳುವವರು. ಪದವಿಯ ಜೊತೆಗೆ ಆ ಚಟವೂ ನನಗೆ ಅಂಟಿ ಬಂತು. ಈಗ ಅದು ನನ್ನ ಮೇಲೇ ತಿರುಗಿದೆ. ಊರಿನ ಬಸ್ ನಿಲ್ದಾಣ ಹಾಲಿನ ಡೈರಿಯ ಗೋಡೆಗೆ ತಾಗಿಕೊಂಡಿತ್ತು ಎಂದು ಬರೆಯಹೊರಟರೆ, ತಾಗಿಕೊಂಡಿತ್ತೆ ಅಥವಾ ಎದುರಿಗಿತ್ತೆ ಎಂದು ಒಳಗಿನಿಂದ ಯಾರೋ ಕೇಳುತ್ತಾರೆ. ಆದ್ದರಿಂದ ಮುಂದೆ ನಾನು ಹೇಳುವುದನ್ನು ನೀವು ಸ್ವಲ್ಪ ಎಚ್ಚರದಿಂದ ಕೇಳಿದರೆ ನನಗೆ ಬೇಸರವಿಲ್ಲ.

ಡೈರಿಯ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಬರೆಸಿದವನು ನಾನು. ಇದರಲ್ಲಿ ಮಾತ್ರ ಅನುಮಾನವಿಲ್ಲ. ಬಣ್ಣದ ಡಬ್ಬಿ ನಾನೇ ಸೈಕಲ್ಲಿನಲ್ಲಿ ತಂದಿದ್ದೆ. ಊರಿಗೆ ದಿನಕ್ಕೆ ಬರುತ್ತಿದ್ದ ನಾಲ್ಕೋ ಐದೋ ಬಸ್ಸುಗಳಲ್ಲಿ ಯಾವುದು ಬರುತ್ತದೆ, ಯಾವುದು ಕೈಕೊಡುತ್ತದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಡಿಪೋಗೆ ಮೂರು ಅರ್ಜಿ ಬರೆದೆ. ಬದಲಾವಣೆ ಇದ್ದರೆ ಕಂಡಕ್ಟರನ ಕೈಯಲ್ಲಿ ಚೀಟಿ ಕಳಿಸುತ್ತೇವೆ ಎಂದು ಅಲ್ಲಿಯವರು ಒಪ್ಪಿದರು. ಚೀಟಿ ಬಂದರೆ ಸಂಜೆ ಸೀಮೆಸುಣ್ಣದಲ್ಲಿ ಅದನ್ನು ಬರೆಯುತ್ತಿದ್ದೆ. ಬಾರದಿದ್ದರೆ "ನಾಳೆ ಎಲ್ಲ ಬಸ್ಸುಗಳೂ ಎಂದಿನಂತೆ" ಎಂದು ಬರೆಯುತ್ತಿದ್ದೆ. ಕೆಳಗೆ "ಪ್ರಯಾಣಿಕರ ಸಂಘ" ಎಂದು ಸಹಿ. ಸಂಘಕ್ಕೆ ಮೂವರು ಸದಸ್ಯರಿದ್ದರು. ಅವರಲ್ಲಿ ಇಬ್ಬರಿಗೆ ತಾವು ಸದಸ್ಯರೆಂದು ಗೊತ್ತಿರಲಿಲ್ಲ.

ಹಲಗೆ ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಅಲ್ಲಿ ಬಸ್ಸಿನ ಸುದ್ದಿ ಹೇಳುತ್ತಿದ್ದವಳು ಹನುಮಕ್ಕ. ನಿಲ್ದಾಣದಲ್ಲಿ ಸೀಬೆಹಣ್ಣು ಮಾರುತ್ತಿದ್ದಳು. ಒಂದು ಕಾಲಕ್ಕೆ ರಾಗಿ ಹೊಲವಿದ್ದವಳು. ಹೊಲ ಕೈಗಾರಿಕಾ ಪ್ರದೇಶದ ಪಾಲಾಗಿ ಅಲ್ಲಿ ಯಾರದೋ ಶೆಡ್ಡು ಎದ್ದಿತ್ತು. ಗಂಡ ಇರಲಿಲ್ಲ. ಒಬ್ಬಳೇ ಮಗಳು, ನಾಗರತ್ನ. ಬಸ್ಸು ನಿಂತ ಕೂಡಲೇ ಹನುಮಕ್ಕ ಉಪ್ಪುಖಾರ ಸವರಿದ ಹಣ್ಣೊಂದನ್ನು ಡ್ರೈವರನ ಕಿಟಕಿಗೆ ಎತ್ತಿ ಹಿಡಿಯುತ್ತಿದ್ದಳು. ಹಣ್ಣು ಮೇಲೆ ಹೋದರೆ ಸುದ್ದಿ ಕೆಳಗೆ ಬರುತ್ತಿತ್ತು: ಯಾವ ಬಸ್ಸಿನ ಬ್ರೇಕು ಹೋಗಿದೆ, ಯಾರು ರಜೆ ಹಾಕಿದ್ದಾರೆ, ಎಲ್ಲಿ ಟಿಕೆಟ್ ತಪಾಸಣೆ ನಡೆಯುತ್ತಿದೆ. ಎದುರುಬದುರಾದ ಎರಡು ಬಸ್ಸುಗಳ ಡ್ರೈವರರು ಕಿಟಕಿಯಿಂದ ಕೈಬೀಸಿ ಏನೋ ಸನ್ನೆ ಮಾಡಿಕೊಳ್ಳುವುದನ್ನು ನೀವೂ ನೋಡಿರುತ್ತೀರಿ. ನನಗೆ ಅದು ಬರಿಯ ನಮಸ್ಕಾರವಾಗಿ ಕಾಣುತ್ತಿತ್ತು. ಹನುಮಕ್ಕನಿಗೆ ಅಷ್ಟು ದೂರದಿಂದಲೇ ಅದರ ಅರ್ಥ ತಿಳಿಯುತ್ತಿತ್ತು.

ಹಲಗೆಯನ್ನು ಅವಳು ಮೊದಮೊದಲು ತಮಾಷೆಯಾಗಿಯೇ ತೆಗೆದುಕೊಂಡಳು. "ಏನ್ ಸಾಮಿ, ಇವತ್ತು ನಿಮ್ ಗೋಡೆ ಏನಂತದೆ?" ಎನ್ನುತ್ತಿದ್ದಳು.

"ಎಲ್ಲ ಎಂದಿನಂತೆ ಅಂತ ಹೇಳ್ತಿದೆ, ಹನುಮಕ್ಕ."

"ಗೋಡೆಗೇನು, ನಿಂತಲ್ಲೇ ನಿಂತಿರ್ತದೆ. ಅದ್ಕೆ ಎಲ್ಲಾ ಯಾವಾಗ್ಲೂ ಇದ್ದಂಗೇ ಕಾಣ್ತದೆ."

ಸುತ್ತ ನಿಂತವರು ನಕ್ಕರು. ನನಗೆ ಅವಮಾನವಾಯಿತು. ವಿದ್ಯಾವಂತನ ಸೇಡು ವಿಚಿತ್ರವಾಗಿರುತ್ತದೆ ನೋಡಿ: ನಾನು ಒಂದು ನೋಟ್‌ಬುಕ್ ತಂದೆ. ಪ್ರತಿದಿನ ಒಂದು ಕಡೆ ಹನುಮಕ್ಕ ಹೇಳಿದ ಸುದ್ದಿ, ಇನ್ನೊಂದು ಕಡೆ ಡಿಪೋ ಹೇಳಿದ ಸುದ್ದಿ, ನಿಜವಾದರೆ ಒಂದು ಗುರುತು, ಸುಳ್ಳಾದರೆ ಇನ್ನೊಂದು. ಬೋಲ್ಟುಗಳನ್ನು ಪರೀಕ್ಷಿಸುವ ಹಾಗೆಯೇ. ಎರಡು ತಿಂಗಳು ಕಳೆದ ಮೇಲೆ ಕೂತು ಎಣಿಸಿದೆ. ಹನುಮಕ್ಕನೇ ಗೆದ್ದಿದ್ದಳು. ಹತ್ತಿರಹತ್ತಿರವೂ ಅಲ್ಲ, ಸ್ಪಷ್ಟವಾಗಿ. ನಾನು ಇನ್ನೊಂದು ಸಲ ಎಣಿಸಿದೆ. ಎರಡು ತಿಂಗಳು ಸಾಲದು, ಇನ್ನೂ ನೋಡಬೇಕು ಎಂದುಕೊಂಡು ನೋಟ್‌ಬುಕ್ಕನ್ನು ಟ್ರಂಕಿನ ತಳಕ್ಕೆ ಹಾಕಿದೆ. ಆಮೇಲೆ ಅದರಲ್ಲಿ ಒಂದು ಗೆರೆಯನ್ನೂ ಬರೆಯಲಿಲ್ಲ. ಈ ವಿಷಯ ಮೊನ್ನೆಯವರೆಗೆ ಯಾರಿಗೂ ಹೇಳಿರಲಿಲ್ಲ.

ಆ ವರ್ಷ ನಾಗರತ್ನನಿಗೆ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಿಂದ ಕಾರ್ಡು ಬಂತು. ಎಸ್‌ಎಸ್‌ಎಲ್‌ಸಿ ಪಾಸಾಗಿ, ಹೆಸರು ಬರೆಸಿ, ಮೂರು ವರ್ಷ ಕಾದ ಮೇಲೆ ಬಂದ ಮೊದಲ ಕಾರ್ಡು. ವೈಟ್‌ಫೀಲ್ಡ್ ರಸ್ತೆಯ ಒಂದು ಕಾರ್ಖಾನೆಗೆ ಸಣ್ಣ ಸಣ್ಣ ಭಾಗಗಳನ್ನು ಜೋಡಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಬೇಕಾಗಿದ್ದರು, ಹತ್ತೂವರೆಗೆ ಪರೀಕ್ಷೆ. ಹನುಮಕ್ಕ ಆ ಕಾರ್ಡನ್ನು ನಿಲ್ದಾಣದಲ್ಲಿದ್ದವರಿಗೆಲ್ಲ ತೋರಿಸಿದ್ದಳು. ಓದಲು ಬಾರದ ಅವಳು ಅದನ್ನು ತಲೆಕೆಳಗಾಗಿ ಹಿಡಿದಿದ್ದಳೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗೇನೂ ಇರಲಿಲ್ಲ. ನೇರವಾಗಿಯೇ ಹಿಡಿದಿದ್ದಳು. ಮಗಳು ಹೇಳಿಕೊಟ್ಟಿರಬೇಕು.

ಪರೀಕ್ಷೆಯ ಹಿಂದಿನ ಸಂಜೆ ನಾನು ಹಲಗೆ ಒರೆಸುತ್ತಿದ್ದಾಗ ಅವಳು ಬುಟ್ಟಿ ಬಿಟ್ಟು ಎದ್ದು ಬಂದಳು.

"ಸಾಮಿ, ನಾಳೆ ಏಳೂವರೆ ಬಸ್ಸು ಬರಾಕಿಲ್ವಂತೆ. ಯಾವ್ದೋ ಸಮ್ಮೇಳನಕ್ಕೆ ಜನ ತುಂಬ್ಕಂಡೋಗಾಕೆ ಈ ಕಡೆ ಬಸ್ನೆಲ್ಲ ತಕ್ಕಂಡವ್ರಂತೆ. ವಸಿ ಬರೀರಿ."

"ಯಾರು ಹೇಳಿದ್ದು?"

"ಕಂಡಕ್ಟ್ರು."

"ಅವನಿಗೆ ಯಾರು ಹೇಳಿದ್ರು?"

"ಅವ್ನ ಸಾಯೇಬ ಯೋಳಿರ್ತಾನೆ."

"ಸಾಹೇಬರಿಗೆ ಯಾರು ಹೇಳಿದ್ರು?"

ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಇಂಗೇ ಕೇಳ್ಕಂಡು ಓದ್ರೆ ಪರಮಾತ್ಮನ ತಂಕ ಓಗ್ಬೇಕಾಯ್ತದೆ ಸಾಮಿ. ಅವ್ನೂ ಚೀಟಿ ಕೊಡಾಕಿಲ್ಲ."

ಮತ್ತೆ ಜನ ನಕ್ಕರು. ನಾನು ನಗಲಿಲ್ಲ. ಡಿಪೋದಿಂದ ಚೀಟಿ ಬಂದಿಲ್ಲ, ಬರಹದಲ್ಲಿಲ್ಲದ್ದನ್ನು ಬರೆಯಲಾಗದು ಎಂದೆ. ಅವರೆಲ್ಲ ನೋಡುತ್ತಿದ್ದಂತೆಯೇ "ನಾಳೆ ಏಳೂವರೆ ಬಸ್ಸು ಎಂದಿನಂತೆ" ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಬೇರೆ ದಿನ ಎಲ್ಲ ಬಸ್ಸುಗಳಿಗೂ ಸೇರಿಸಿ ಒಂದೇ ಸಾಲು ಬರೆಯುತ್ತಿದ್ದವನು ಅಂದು ಏಳೂವರೆಯನ್ನೇ ಹೆಸರಿಸಿದೆ.

ಹನುಮಕ್ಕ ಹಲಗೆ ನೋಡಿದಳು, ನನ್ನನ್ನು ನೋಡಿದಳು. ಅವಳ ದನಿ ಇಳಿದಿತ್ತು. "ಆರೂಮುಕ್ಕಾಲಿಗೆ ರೈಲ್ ಗಾಡಿ ಐತೆ. ಅದ್ಕೆ ಕಳಿಸ್ಲಾ, ಬಸ್ಸಿಗೆ ಕಾಯಿಸ್ಲಾ? ನೀವು ಓದ್ದೋರು. ಯೋಳಿ."

ಇಲ್ಲಿ ನಾನು ಏನು ಹೇಳಿದೆ?

ಹದಿಮೂರು ವರ್ಷ ನಾನು ಈ ಪ್ರಶ್ನೆಯ ಸುತ್ತ ತಿರುಗಿದ್ದೇನೆ. "ನನಗೆ ಗೊತ್ತಿಲ್ಲ ಹನುಮಕ್ಕ, ನಿಮ್ಮಿಷ್ಟ" ಎಂದು ಹೇಳಿದ್ದೆನೆಂದು ಕೆಲವು ಸಲ ನೆನಪಾಗುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಈ ಕಥೆ ಹೇಳಿದಾಗ ಹಾಗೆಯೇ ಹೇಳಿದೆ. "ಪಾಪ, ನೀವೇನು ಮಾಡೋಕಾಗ್ತಿತ್ತು" ಎಂದಳು. ಮನುಷ್ಯನ ನೆನಪು ಎಷ್ಟು ನಂಬಿಕೆಗೆ ಅನರ್ಹ ಎಂಬುದರ ಬಗ್ಗೆ ನಾನು ಗೆಳೆಯರ ಮುಂದೆ ಗಂಟೆಗಟ್ಟಲೆ ಮಾತನಾಡಬಲ್ಲೆ. ಆದರೆ ಬೋಲ್ಟುಗಳ ವಿಷಯದಲ್ಲಿ, ಬಾಡಿಗೆಯ ವಿಷಯದಲ್ಲಿ ನನ್ನ ನೆನಪು ಎಂದೂ ಹೀಗೆ ಕೈಕೊಟ್ಟಿದ್ದಿಲ್ಲ.

ಮರುದಿನ ಏಳು ಗಂಟೆಗೆ ನಾನು ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವಾಗ ನಾಗರತ್ನ ನಿಲ್ದಾಣದಲ್ಲಿ ನಿಂತಿದ್ದಳು. ಗಂಜಿ ಹಾಕಿದ ಸೀರೆ, ಬಣ್ಣ ನೆನಪಿಲ್ಲ. ಸರ್ಟಿಫಿಕೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ರೈಲು ಆಗಲೇ ಹೋಗಿತ್ತು. ನಾನು ತಲೆಯಾಡಿಸಿದೆ, ಅವಳೂ ಆಡಿಸಿದಳು.

ಏಳೂವರೆ ಬಸ್ಸು ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ನಾಗರತ್ನ ಪರೀಕ್ಷೆಗೆ ತಲುಪುವುದು ತಡವಾಯಿತು, ಒಳಗೆ ಬಿಡಲಿಲ್ಲ ಎಂದು ಎರಡು ದಿನ ಕಳೆದ ಮೇಲೆ ಡೈರಿಯವನು ಹೇಳಿದ. ನಾನು ಹನುಮಕ್ಕನ ಬುಟ್ಟಿಯ ಮುಂದೆ ನಿಂತೆ. ಕ್ಷಮಿಸಿ ಎನ್ನಲು ಹೊರಟವನು, "ಏನಾದ್ರೂ ಸುದ್ದಿ ಇದೆಯಾ ಹನುಮಕ್ಕ?" ಎಂದೆ.

"ಬೋರ್ಡ್‌ನಾಗೆ ಐತಲ್ಲ ಸಾಮಿ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ಅಂದಿನಿಂದ ನಾನು ಆ ಊರು ಬಿಡುವವರೆಗೆ ಅವಳು ನನಗಾಗಲಿ, ನನ್ನೆದುರು ಬೇರೆಯವರಿಗಾಗಲಿ ಬಸ್ಸಿನ ಸುದ್ದಿ ಹೇಳಲಿಲ್ಲ. ಹಣ್ಣು ಕೇಳಿದರೆ ಕೊಡುತ್ತಿದ್ದಳು. ಬೇಸಿಗೆ ಬರುವ ಹೊತ್ತಿಗೆ ನಾಗರತ್ನನ ಮದುವೆಯಾಯಿತು. ನನ್ನನ್ನು ಕರೆದಿದ್ದರು. ಆ ದಿನ ಓವರ್‌ಟೈಮ್ ಇದೆ ಎಂದು ಹೇಳಿಕೊಂಡು ತಪ್ಪಿಸಿಕೊಂಡೆ.

ಪತ್ರಿಕೆಯಲ್ಲಿ ಆ ಎರಡು ಸಾಲು ಓದಿದ ಮರುದಿನ, ಭಾನುವಾರ, ಸ್ಕೂಟರು ಹತ್ತಿ ಚಿಕ್ಕಬಾಣಾವರಕ್ಕೆ ಹೋದೆ. ಹನುಮಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಮನೆಯ ಹಿತ್ತಿಲಿನಲ್ಲಿ ಶೀಟು ಹೊದಿಸಿದ ನಾಲ್ಕು ಕೋಣೆ ಕಟ್ಟಿಸಿ ಪೀಣ್ಯದ ಕೆಲಸಗಾರರಿಗೆ ಬಾಡಿಗೆಗೆ ಕೊಟ್ಟಿದ್ದರು. ನಾಗರತ್ನ ಈಗ ಇಲ್ಲಿಯೇ, ತಾಯಿಯ ಮನೆಯಲ್ಲಿಯೇ ಇದ್ದಾಳೆ. ಗಂಡನ ಬಗ್ಗೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನ್ನ ಗುರುತು ಹಿಡಿಯಲು ಅವಳಿಗೆ ಅರೆಗಳಿಗೆ ಬೇಕಾಯಿತು.

"ಅಯ್ಯೋ, ಬೋರ್ಡ್ ಸಾರ್! ಬನ್ನಿ ಬನ್ನಿ. ಕೂದ್ಲೆಲ್ಲ ಎಲ್ಲಿ ಬಿಟ್ ಬಂದ್ರಿ?"

ಕಾಫಿ ಕೊಟ್ಟಳು. ಬೋರ್‌ವೆಲ್ಲಿನ ನೀರು, ಬಾಡಿಗೆಯವರ ಜಗಳ, ಏನೇನೋ ಮಾತಾಯಿತು. ಕೊನೆಗೆ ನಾನು ಆ ಸಂಜೆಯ ಮಾತು ತೆಗೆದೆ. ತಾಯಿ ಹೀಗೆ ಕೇಳಿದ್ದರು, ನಾನು ಉತ್ತರಿಸಿದ್ದೆ, ಏನು ಹೇಳಿದೆ ಎಂಬುದು ನನಗೆ ಸರಿಯಾಗಿ ನೆನಪಿಲ್ಲ, ನಿಮಗೇನಾದರೂ ನೆನಪಿದೆಯೆ ಎಂದೆ.

ನಾಗರತ್ನ ನನ್ನನ್ನು ನೋಡಿದಳು. "ನಾನಲ್ಲಿರ್ಲಿಲ್ಲ ಸಾರ್. ಇದ್ದೋರು ಇಬ್ರೇ, ನೀವು ಮತ್ತೆ ಅವ್ವ. ಅವ್ವ ಇಲ್ಲ. ಇನ್ನು ನೀವೇ ಹೇಳ್ಬೇಕು."

ಸುತ್ತ ಜನ ನಿಂತಿದ್ದರಲ್ಲ, ಅವರೂ ಕೇಳಿಸಿಕೊಂಡಿರಬಹುದು ಎಂದು ಬಾಯಿಗೆ ಬಂತು. ನುಂಗಿಕೊಂಡೆ.

"ಬಸ್ಸು ಬರುತ್ತೆ, ಕಾಯಲಿ ಅಂದೆ" ಎಂದೆ. "ನಿಮ್ಮಮ್ಮ ಹೇಳಿದ್ದು ನಿಜ ಇರಬಹುದು ಅಂತ ನನಗೆ ಗೊತ್ತಿತ್ತು. ಅವರ ಮಾತು ಡಿಪೋ ಮಾತಿಗಿಂತ ಹೆಚ್ಚು ಸಲ ನಿಜವಾಗುತ್ತೆ ಅಂತ ಲೆಕ್ಕ ಹಾಕಿ ನೋಡಿದ್ದೆ. ಆದರೂ ಕಾಯಲಿ ಅಂದೆ. ನಾಲ್ಕು ಜನ ನಗ್ತಿದ್ದರು, ಅದಕ್ಕೆ."

ಬಾಡಿಗೆ ಕೋಣೆಯೊಂದರಲ್ಲಿ ಯಾರೋ ರೇಡಿಯೋ ಹಚ್ಚಿದರು, ಮತ್ತೆ ಆರಿಸಿದರು.

"ಅವ್ವ ಇದ್ದಾಗ ಬರ್ಬೇಕಿತ್ತು ಸಾರ್" ಎಂದಳು. "ನಾನೇ ಕೇಳಿ ಕೆಡಿಸ್ದೆ, ನಾನೇ ಕೇಳಿ ಕೆಡಿಸ್ದೆ ಅಂತ ಸಾಯೋಗಂಟ ಅಂತಿದ್ಲು."

ನನಗೆ ಎದ್ದು ಹೋಗಬೇಕೆನ್ನಿಸಿತು. ಸ್ಕೂಟರಿನ ಕೀಲಿ ಕೈಯಲ್ಲಿಯೇ ಇತ್ತು. ಎದ್ದರೆ ಅವಳೂ ತಡೆಯುತ್ತಿರಲಿಲ್ಲವೇನೋ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಕೂತೆ.

ಆಮೇಲೆ ಅವಳು ತಾನಾಗಿಯೇ ಆ ದಿನವನ್ನು ಹೇಳತೊಡಗಿದಳು. ಒಂಬತ್ತರವರೆಗೆ ಕಾದದ್ದು. ಹೆದ್ದಾರಿಯವರೆಗೆ ನಡೆದದ್ದು, ಅಲ್ಲಿ ಲಾರಿಯವನೊಬ್ಬ ಹತ್ತಿಸಿಕೊಂಡದ್ದು. ಮೆಜೆಸ್ಟಿಕ್ಕಿನಲ್ಲಿ ತಪ್ಪು ಬಸ್ಸು ಹತ್ತಿ ಅರ್ಧ ದಾರಿ ಹೋಗಿ ಇಳಿದದ್ದು. ಕಾರ್ಖಾನೆಯ ಗೇಟಿನವನು ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ, ಒಳ್ಳೆಯ ಮಾತಿನಲ್ಲಿಯೇ, ಆಗಲೇ ಮುಗಿಯಿತಮ್ಮ ಎಂದದ್ದು. ಒಳಗಿನಿಂದ ಪರೀಕ್ಷೆ ಮುಗಿಸಿ ಬರುತ್ತಿದ್ದ ಹುಡುಗಿಯರು ಏನು ಕೊಟ್ಟಿದ್ದರು, ಎಷ್ಟು ಸುಲಭವಿತ್ತು ಎಂದು ಮಾತಾಡಿಕೊಳ್ಳುತ್ತಿದ್ದದ್ದು. ಅವರ ಹಿಂದೆ ಬಸ್ ನಿಲ್ದಾಣದವರೆಗೆ ಇವಳೂ ನಡೆದದ್ದು, ತಾನೂ ಬರೆದು ಬಂದವಳ ಹಾಗೆ.

ಅವಳು ಹೇಳಿದ ವೇಳೆಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂಬತ್ತಕ್ಕೆ ಹೊರಟವಳು ಹೇಳಿದ ಹೊತ್ತಿಗೆ ಮೆಜೆಸ್ಟಿಕ್ಕಿನಲ್ಲಿ ಇರುವುದು ಸಾಧ್ಯವಿರಲಿಲ್ಲ. ನಾನು ಏನೂ ಕೇಳಲಿಲ್ಲ. ಅವಳು ಹೇಳಿದಳು, ನಾನು ಕೇಳಿಸಿಕೊಂಡೆ.