ಎಂಜಲಾಗದ ನಲ್ಲಿ

ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಎಂದೋ ಕಬ್ಬಿಣದ ಪೈಪು ಬಿದ್ದು ಮುರಿದದ್ದು, ಕೂಡಿಕೊಳ್ಳುವಾಗ ಹೊರಕ್ಕೆ ಬಾಗಿ ನಿಂತಿತ್ತು. ಅಡುಗೆಮನೆಯ ಸಿಂಕಿಗೆ ನಲ್ಲಿ ಕೂರಿಸುವಾಗ ಅವರು ಟೇಪು ತೆಗೆಯುತ್ತಿರಲಿಲ್ಲ. ಆ ಎಡಗೈಯನ್ನೇ ಸಿಂಕಿನ ಅಂಚಿನ ಮೇಲೆ ಅಡ್ಡ ನಿಲ್ಲಿಸಿ, ಸೊಟ್ಟ ಬೆರಳೂ ಸೇರಿ ನಾಲ್ಕು ಬೆರಳಿನಷ್ಟು ಜಾಗ ಬಿಟ್ಟು, ಅದರ ಮೇಲೆ ನಲ್ಲಿಯ ಬಾಯಿ ಬರುವಂತೆ ಬಿಗಿಯುತ್ತಿದ್ದರು.

ನಾರಾಯಣಪೇಟೆಯ ನಮ್ಮ ಓಣಿಗೆಲ್ಲ ಅವರು ನಲ್ಲಿ ಕಾಕಾ. ಹಣೆಯ ಮೇಲೆ ಬೀರಪ್ಪನ ಭಂಡಾರ, ಹೆಗಲಿಗೆ ನಟ್ಟು ತಿರುವುವ ಪಾನಾ, ಪೈಪು ಕೊಯ್ಯುವ ಆಕ್ಸಾ ಬ್ಲೇಡು ತುಂಬಿದ ಗೋಣಿಚೀಲ. ಹುಡುಗರಾಗಿದ್ದಾಗ ಮಲ್ದಕಲ್ ಕಡೆ ಕುರಿ ಕಾಯ್ದವರು, ಆಮೇಲೆ ಗದ್ವಾಲದ ಅಂಗಡಿಯೊಂದರಲ್ಲಿ ಪೈಪಿನ ಕೆಲಸ ಕಲಿತವರು. ಆಫೀಸಿನವರ ಜೊತೆ ತೆಲುಗು, ಅಂಗಡಿಯಲ್ಲಿ ಉರ್ದು, ಸಿಟ್ಟು ಬಂದಾಗ ಪೈಪಿನ ಜೊತೆ ಕನ್ನಡ. ಜಂಗು ಹಿಡಿದ ನಟ್ಟು ಬಿಚ್ಚುವಾಗ ಅವರು ಅದಕ್ಕೆ ಹೇಳುತ್ತಿದ್ದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ತೆಲಂಗಾಣ ರಾಜ್ಯ ಆದ ಮೇಲೆ ಓಣಿಗೆ ಹೊಸ ಲೈನು ಬಂತು. ನಮ್ಮೂರು ಇನ್ನೂ ಜಿಲ್ಲೆಯಾಗಿರಲಿಲ್ಲ. ದಿನ ಬಿಟ್ಟು ದಿನ ಬೆಳಿಗ್ಗೆ ಒಂದು ತಾಸು ನೀರು. ಮನೆಯೊಳಗಿನ ಪೈಪುಗಳನ್ನೆಲ್ಲ ಎಳೆದವರು ಕಾಕಾ. ನಮ್ಮ ಸಿಂಕಿನ ನಲ್ಲಿಯ ನೀರು ಅಷ್ಟು ಎತ್ತರದಿಂದ ಬಿದ್ದರೆ ಸಿಡಿಯುತ್ತದೆ ಎಂದು ನಾನು ತಕರಾರು ತೆಗೆದೆ.

"ನೀ ಚಂಬಿಲೆ ನೀರ್ ಹೆಂಗ ಕುಡೀತಿ?" ಎಂದರು.

"ಎತ್ತಿ ಕುಡೀತೀನಿ."

"ಯಾಕ, ಬಾಯಿ ಹಚ್ಚಂಗಿಲ್ಲ?"

"ಎಂಜಲ ಆಗತೈತಲ್ಲ ಕಾಕಾ."

"ನಲ್ಲಿದೂ ಹಂಗ ನೋಡವ್ವ. ಭಾಂಡ್ಯಾಕ ಬಾಯಿ ಹಚ್ಚಿದ್ರ ಲೈನೆಲ್ಲಾ ಎಂಜಲ. ನಡುವ ನಾಕ ಬಳ್ಳ ಗಾಳಿ ಇರಬೇಕು" ಎಂದು ನಾಲ್ಕು ಬೆರಳು ಜೋಡಿಸಿ ತೋರಿಸಿದರು.

ನಾನು ನಕ್ಕು ತಲೆಯಾಡಿಸಿದೆ. ಮುಂದಿನ ವಾರವೇ ನಲ್ಲಿಗೆ ಒಂದು ಮೊಳ ರಬ್ಬರ್ ಪೈಪು ಸಿಕ್ಕಿಸಿದೆ.

ನಮ್ಮದು ನೇಕಾರರ ಮನೆ. ಗಂಡ ಮಗ್ಗಕ್ಕೆ ಕೂತರೆ ನೂಲಿಗೆ ಬಣ್ಣ ಹಾಕುವುದು ನನ್ನ ಪಾಲು. ಕೆಂಪು ಬಣ್ಣ ಹಾಕಿದ ನೂಲಿನ ಲಡಿಗಳನ್ನು ಜಾಲಿಸುವ ಟಬ್ಬನ್ನು ಸಿಂಕಿನ ಪಕ್ಕದ ಕಟ್ಟೆಯ ಮೇಲಿಟ್ಟು, ಪೈಪಿನ ತುದಿಯನ್ನು ಅದರೊಳಗೆ ಮುಳುಗಿಸಿಬಿಡುತ್ತಿದ್ದೆ. ಸಪ್ಪಳವಿಲ್ಲ, ಸಿಡಿಯುವುದಿಲ್ಲ, ಒಂದು ಹನಿ ದಂಡವಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ.

ನಮ್ಮ ಓಣಿ ಇಳಿಜಾರು. ಕೆಳಗಿನ ಮನೆಯ ಅಕ್ಕ ನನಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿಗೆ ಹನ್ನೆರಡು ದಿನ. ಒಂದು ಬೆಳಿಗ್ಗೆ, ನೀರು ನಿಲ್ಲುವ ಹೊತ್ತಿಗೆ, ಕೂಸಿಗೆ ಎರೆಯುವ ನೀರಿಗೆಂದು ಅಕ್ಕ ಅಡುಗೆಮನೆಯ ನಲ್ಲಿ ತಿರುವಿದರೆ ಹಂಡೆಗೆ ಬಿದ್ದದ್ದು ಕೆಂಪು ನೀರು. ಬಾಣಂತಿ ರಕ್ತವೆಂದು ಚೀರಿದಳು. ಓಣಿಯೆಲ್ಲ ಕೂಡಿತು. ಮೋರಿಯ ಪೈಪನ್ನು ಲೈನಿಗೆ ಕೂಡಿಸಿದ್ದಾನೆ, ಕುರಿ ಕಾಯುವವನಿಗೆ ಈ ಕೆಲಸ ಕೊಟ್ಟದ್ದೇ ತಪ್ಪು ಎಂದು ಕಾಕಾನ ಮೇಲೆ ಹರಿಹಾಯ್ದರು. ಕಾಕಾ ಮೇಲಿನ ತುದಿಯಿಂದ ಒಂದೊಂದೇ ಮನೆ ಹೊಕ್ಕು ನೋಡುತ್ತ ಬಂದರು.

ನಮ್ಮ ಅಡುಗೆಮನೆಗೆ ಬಂದವರು ಟಬ್ಬನ್ನೂ ಪೈಪನ್ನೂ ನೋಡಿ ಪೈಪು ಕಿತ್ತರು. ಕೆಳಗಿನ ಮನೆಯ ನಲ್ಲಿ ತೆರೆದಿಡಲು ಕೂಗಿ ಹೇಳಿ, ಒಂದು ಗ್ಲಾಸು ತುಂಬ ನೀರು ತೆಗೆದುಕೊಂಡು ನಮ್ಮ ನಲ್ಲಿಯ ಬಾಯಿ ಅದರಲ್ಲಿ ಮುಳುಗುವಂತೆ ಹಿಡಿದು ತಿರುವಿದರು. ಗ್ಲಾಸಿನ ನೀರು ನೋಡನೋಡುತ್ತ ಇಳಿಯಿತು.

"ಕಂಡೆವ್ವ? ನೀರ್ ನಿಂತ ಮ್ಯಾಲ ಲೈನು ಕೆಳಗ ಖಾಲಿ ಆಗತೈತಿ. ಆಗ ಮ್ಯಾಲಿನ ನಲ್ಲಿ ಹಿಂಗ ಕುಡೀತೈತಿ. ಅದು ನಿನ್ನ ಬಣ್ಣ."

ನಾನು ಅಡುಗೆಮನೆಯ ಬಾಗಿಲು ಮುಂದಕ್ಕೆ ದೂಡಿದೆ. "ಹೊರಗ ಹೇಳಬ್ಯಾಡ ಕಾಕಾ. ಅಕ್ಕ ಇನ್ನ ನಮ್ಮ ಹೊಸ್ತಿಲ ತುಳಿಯಂಗಿಲ್ಲ."

"ನಾ ಹೇಳಂಗಿಲ್ಲ. ಹೇಳೋದು ನಿನಗ ಬಿಟ್ಟಿದ್ದು. ಪೈಪ್ ಮಾತ್ರ ಮತ್ತ ಹಚ್ಚಬ್ಯಾಡ."

ಹೊರಗೆ ಹೋಗಿ, "ಎಲ್ಲಿ ಅಂತ ಗೊತ್ತಾತ್ರೀ, ಸರಿ ಮಾಡೀನಿ, ಇನ್ನ ಬರಂಗಿಲ್ಲ" ಎಂದಷ್ಟೇ ಹೇಳಿದರು. ಯಾರ ಮನೆಯದೆಂದು ಹೇಳಲಿಲ್ಲವಾದ್ದರಿಂದ ತಪ್ಪು ಅವರದೇ ಎಂದಾಯಿತು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಬಾಯಿ ಬಿಡಲಿಲ್ಲ.

ಇವತ್ತು ಒಪ್ಪಿಕೊಳ್ಳುತ್ತೇನೆ, ಎರಡು ತಿಂಗಳು ಹಾಗೇ ಇದ್ದೆ. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತ ದಿನ ತಳ್ಳಿದೆ. ಅಕ್ಕ ಕೂಸನ್ನು ನನ್ನ ಮಡಿಲಿಗೆ ಹಾಕಿ ಕಾಕಾನನ್ನು ಬೈಯುವಾಗ ಕೂಸಿನ ಕಡೆ ನೋಡುತ್ತ ಕೂತಿರುತ್ತಿದ್ದೆ. ಓಣಿಯವರು ಅವರನ್ನು ಕರೆಯುವುದು ಬಿಟ್ಟರು. ಗೋಣಿಚೀಲ ಹೊತ್ತು ಅವರು ಬೇರೆ ಓಣಿಗೆ ಹೋಗುವುದು ಕಾಣಿಸುತ್ತಿತ್ತು, ನಾನು ಒಳಗೆ ಸರಿಯುತ್ತಿದ್ದೆ.

ಆಮೇಲೊಂದು ದಿನ ಅಕ್ಕನ ಮನೆಗೆ ಹೊಸ ಸಿಂಕು ಬಂತು. ಕೂರಿಸಲು ಮಕ್ತಲದಿಂದ ಯಾರನ್ನೋ ಕರೆಸಿದ್ದರು. ನೋಡಲು ಹೋದವಳ ಕೈಗೆ ಅಕ್ಕ ಕೂಸನ್ನು ಕೊಟ್ಟಳು. ನಲ್ಲಿಯ ಬಾಯಿ ಸಿಂಕಿನ ಅಂಚಿಗಿಂತ ಕೆಳಗೇ ಇತ್ತು. ಸಾಲದೆಂದು ತುದಿಗೊಂದು ರಬ್ಬರ್ ಪೈಪು. ಪಕ್ಕದಲ್ಲಿ ಕೂಸಿನ ಬಟ್ಟೆ ನೆನೆಹಾಕಿದ ಬಕೆಟ್ಟು. ಪೈಪು ಅದರೊಳಗೆ ಇಳಿದಿತ್ತು.

"ಅಕ್ಕಾ, ಆ ಪೈಪ್ ತಗಿ" ಎಂದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಗ್ಲಾಸಿನ ನೀರು ಇಳಿದದ್ದನ್ನೂ, ನಾನು ಬೇಡಿಕೊಂಡದ್ದನ್ನೂ.

ಅಕ್ಕ ಕೂಸನ್ನು ನನ್ನ ಕೈಯಿಂದ ಇಸಿದುಕೊಂಡಳು. "ಎರಡ ತಿಂಗಳಾ ನನ್ನ ಬಾಯಿಲೆ ಆ ಮನಶ್ಯಾಗ ಬೈಸಿದಿ" ಎಂದಳು. "ಮೊದಲ ಹೋಗಿ ಅವರನ್ನ ಕರಕೊಂಡ ಬಾ."

ಹೋಗಿ ಅವರೆದುರು ನಿಂತು, ಅಕ್ಕನಿಗೆ ಎಲ್ಲ ಹೇಳಿದೆ, ಅವಳು ಕರೆಯುತ್ತಿದ್ದಾಳೆ ಎಂದೆ. ಅಳು ಬಂತು. ಕಾಕಾ ಚೀಲ ಎತ್ತಿಕೊಳ್ಳುತ್ತ ಒಂದೇ ಕೇಳಿದರು: "ನೀ ಮತ್ತ ಪೈಪ್ ಹಚ್ಚಿಲ್ಲಲ್ಲ?"

ಅಕ್ಕನ ಸಿಂಕಿನ ನಲ್ಲಿಯನ್ನು ಅವರು ಎಡಗೈ ಇಟ್ಟು ಎತ್ತರಿಸಿದರು. ಓಣಿ ಮತ್ತೆ ಅವರನ್ನು ಕರೆಯತೊಡಗಿತು. ಅಕ್ಕ ನಮ್ಮ ಮನೆಯಲ್ಲಿ ಚಹಾ ಕುಡಿಯಲು ಇನ್ನೊಂದು ವರ್ಷ ಹಿಡಿಯಿತು. ಅದು ನನಗೆ ತಕ್ಕದ್ದೇ.

ಹೋದ ವರ್ಷ ಕಾಕಾ ತೀರಿಕೊಂಡರು. ಕೊತ್ತಪಲ್ಲಿ ಹತ್ತಿರದ ಅವರ ಊರಿಗೆ ಅಕ್ಕ, ನಾನು ಇಬ್ಬರೂ ಹೋದೆವು. ಮನೆ ತುಂಬ ಜನ. ನೀರು ಬಂದಿತ್ತು. ಯಾರೋ ನೆಂಟರು ನಲ್ಲಿಗೆ ಪೈಪು ಹಾಕಿ ಡ್ರಮ್ಮಿನೊಳಗೆ ಇಳಿಬಿಟ್ಟಿದ್ದರು. ಆ ಮನೆಯಲ್ಲಿ ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಪೈಪನ್ನು ಮೇಲೆತ್ತಿ, ಡ್ರಮ್ಮಿನ ಅಂಚಿಗೆ ನಾಲ್ಕು ಬೆರಳು ಇಟ್ಟು, ಅದರ ಮೇಲೆ ಹಿಡಿದು ಗೂಟಕ್ಕೆ ಕಟ್ಟಹೋದೆ.

ಗೋಡೆಗೆ ಒರಗಿ ಕೂತಿದ್ದ ಅವರ ಹೆಂಡತಿ ನನ್ನ ಕೈಯನ್ನೇ ನೋಡುತ್ತಿದ್ದರು.

"ಇನ್ನೊಂದೀಟ ಮ್ಯಾಲ ಹಿಡಿಯವ್ವ" ಎಂದರು. "ಅವರ ಕಿರಿಬಳ್ಳ ಸೊಟ್ಟ ಇತ್ತು."

ನಾನು ಪೈಪನ್ನು ಇನ್ನಷ್ಟು ಮೇಲಕ್ಕೆತ್ತಿ ಕಟ್ಟಿದೆ.