ಹನ್ನೆರಡು ಅಡಿಯ ದೀಪದ ಕಂಬ

ನೀವು ಕಷ್ಟಪಟ್ಟು ಮಾಡಿದ್ದನ್ನು ಎಲ್ಲರೂ ತಪ್ಪು ಜಾಗದಲ್ಲಿ ನಿಂತು ನೋಡಿ, ಮುಖ ಸಿಂಡರಿಸಿ ಹೋದದ್ದುಂಟೇ? ನನಗೆ ಆಗಿದೆ. ಕಳೆದ ದೀಪಾವಳಿಗೆ, ನವಿ ಮುಂಬಯಿಯ ನೆರೂಳದ ನಮ್ಮ ಸೊಸೈಟಿ ಹಾಲ್‌ನಲ್ಲಿ.

ಕನ್ನಡದವರ ರಂಗೋಲಿ ಸ್ಪರ್ಧೆ. ಒಬ್ಬರಿಗೆ ನಾಲ್ಕಡಿ ಜಾಗ. ನಾನು ಹನ್ನೆರಡು ಬೇಕೆಂದು ಹಟ ಹಿಡಿದೆ. ಕಾರ್ಯದರ್ಶಿ ಹುಬ್ಬಳ್ಳಿ ಕಡೆಯವರು. "ಕೊಡ್ತೀನ್ರಿ. ಚಂದ ಬರಲಿಲ್ಲಂದ್ರ ಮುಂದಿನ ವರ್ಷ ನಾಕಡಿನೂ ಇಲ್ಲ, ಚಾ ಹಂಚೂದಷ್ಟ" ಎಂದರು. ಒಪ್ಪಿದೆ.

ನಾನು ಬಿಡಿಸಿದ್ದು ಉದ್ದಕ್ಕೆ ಎಳೆದ ದೀಪದ ಕಂಬ. ಹತ್ತಿರದ ಬುಡ ತಟ್ಟೆಯಷ್ಟು, ದೂರದ ಜ್ವಾಲೆ ಸೂಟ್‌ಕೇಸಿನಷ್ಟು. ಗೊತ್ತುಮಾಡಿದ ಒಂದೇ ಜಾಗದಲ್ಲಿ ನಿಂತು ಒಂದು ಕಣ್ಣು ಮುಚ್ಚಿದರೆ ಕಂಬ ನೆಲದಿಂದ ಎದ್ದು ನೆಟ್ಟಗೆ ನಿಲ್ಲುತ್ತದೆ. ಬೇರೆ ಎಲ್ಲಿಂದ ನೋಡಿದರೂ ಸೊಟ್ಟ. ಆ ಜಾಗದಲ್ಲಿ ಸ್ಟ್ಯಾಂಡಿಗೆ ಮೊಬೈಲ್ ಸಿಕ್ಕಿಸಿ, ಪರದೆ ನೋಡುತ್ತಾ ಐದು ಗಂಟೆ ಗೆರೆ ಎಳೆದೆ. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ. ಎಲ್ಲಿ ನಿಲ್ಲಬೇಕೆಂದು ಜನರಿಗೆ ತಿಳಿಯಲಿ ಎಂದು ಬಿಳಿ ಪುಡಿಯಲ್ಲಿ ಎರಡು ಪಾದ ಬಿಡಿಸಿ, ಸೀರೆ ಬದಲಿಸಲು ಮನೆಗೆ ಹೋದೆ.

ಬರುವಷ್ಟರಲ್ಲಿ ಪಾದಗಳ ಮೇಲೆ ಅರಿಶಿನ, ಕುಂಕುಮ, ಒಂದು ಚೆಂಡುಹೂವು. ಲಕ್ಷ್ಮಿಯ ಪಾದವೆಂದು ಎಲ್ಲರೂ ಸುತ್ತು ಬಳಸಿ ಹೋಗುತ್ತಿದ್ದರು. ದೀಪಾವಳಿಯಲ್ಲಿ ಬೇರೇನು ಅಂದುಕೊಳ್ಳುತ್ತಾರೆ? ವರ್ಷವರ್ಷ ಹೊಸಿಲಲ್ಲಿ ಅದನ್ನೇ ಬಿಡಿಸುವ ನನಗೆ ಹೊಳೆದಿರಲಿಲ್ಲ, ನೋಡಿ.

ಪಕ್ಕದಲ್ಲಿ ನಿಂತ ಉಡುಪಿಯ ನೆರೆಮನೆಯಾಕೆ, "ಎಂಥ ಮಾರಾಯ್ರೆ ಇದು? ಸೋರೆಕಾಯಿಗೆ ಕಿರೀಟ ಇಟ್ಟದ್ದಾ?" ಎಂದರು.

"ಚಾದ ಕೆಟಲ್ ಎಲ್ಲೈತಿ ತೋರಸ್ಲೇನ್ರಿ?" ಕಾರ್ಯದರ್ಶಿ ಕೇಳಿದರು.

ತೀರ್ಪುಗಾರರು ಡೊಂಬಿವಲಿಯಿಂದ ಬಂದ ಹಿರಿಯ ಡ್ರಾಯಿಂಗ್ ಟೀಚರ್. ಅವರೂ ಪಕ್ಕದಿಂದಲೇ ನೋಡಿ ಪೆನ್ನು ತೆಗೆದರು.

"ಇಲ್ಲಿ ನಿಂತು ನೋಡಿ, ಮೇಡಂ."

"ಪಾದದ ಮೇಲಾ? ನನ್ನ ಕೈಲಿ ಆಗಲ್ಲಮ್ಮ."

ನಾನು ಬಗ್ಗಿ, ಹೂವು ಬದಿಗಿಟ್ಟು, ಅಂಗೈಯಿಂದ ಎರಡೂ ಪಾದ ಒರೆಸಿಬಿಟ್ಟೆ.

"ಹಬ್ಬದ ದಿನ ಲಕ್ಷ್ಮೀ ಪಾದಾನೇ ಅಳಿಸಿದ್ಲಲ್ಲ" ಎಂದು ಹಿಂದಿನಿಂದ ಯಾರೋ ಗೊಣಗಿದರು.

"ಲಕ್ಷ್ಮಿದಲ್ಲ. ಏಳು ನಂಬರ್ ಚಪ್ಪಲಿ ಹಾಕೋ ನನ್ನದು" ಎಂದೆ.

ಮೇಡಂ ನಕ್ಕು, ಬಂದು ನಿಂತು, ಒಂದು ಕಣ್ಣು ಮುಚ್ಚಿದರು. ಪೆನ್ನು ಹಿಡಿದ ಕೈ ತಾನಾಗಿ ಮುಂದೆ ಚಾಚಿಕೊಂಡಿತು, ಕಂಬ ಹಿಡಿಯುವಂತೆ.

"ಅರೆ, ನಿಂತಿದೆಯಲ್ಲ ಇದು."

ಆಮೇಲೆ ಅಲ್ಲಿ ನಿಲ್ಲಲು ಸಾಲು. ಕಾರ್ಯದರ್ಶಿ ಎರಡು ಸಲ ಬಂದರು. ಸಿಕ್ಕಿದ್ದು ಎರಡನೇ ಬಹುಮಾನ. ಮೊದಲನೆಯದು ಸಿಗಬೇಕಿತ್ತು, ಇರಲಿ. ಮುಂದಿನ ವರ್ಷಕ್ಕೆ ಹದಿನೈದು ಅಡಿ ಬರೆಸಿಕೊಂಡಿದ್ದೇನೆ.

ನಿಮ್ಮ ಕೆಲಸವನ್ನೂ ಜನ ಪಕ್ಕದಿಂದ ನೋಡಿ ನಕ್ಕಿದ್ದರೆ, ಅವರನ್ನು ಸರಿಯಾದ ಜಾಗಕ್ಕೆ ಹೇಗೆ ಎಳೆತಂದಿರಿ ಎಂದು ಕೆಳಗೆ ಬರೆಯಿರಿ. ಬರೇ ಹಾರ್ಟ್ ಒತ್ತಿ ಹೋಗಬೇಡಿ.